ಕೇಳೋಕೆ ಸಂಕೋಚ ಪಟ್ಟು ನೀವು ಎಲ್ಲೆಲ್ಲಿ ಜಾಸ್ತಿ ದುಡ್ಡು ಕೊಡುತ್ತಿದ್ದೀರಿ?

ಮೂರನೇ_ಮಹಡಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಮೊನ್ನೆ ಭಾನುವಾರ ಅಡುಗೆಮನೆಯ ಡ್ರಾಯರ್ ಚೊಕ್ಕ ಮಾಡುವಾಗ ಗ್ಯಾಸ್ ಸಿಲಿಂಡರ್ ಬಿಲ್ಲುಗಳ ಕಟ್ಟು ಸಿಕ್ಕಿತು. ಇಷ್ಟು ವರ್ಷ ಒಂದನ್ನೂ ಬಿಡಿಸಿ ಓದಿರಲಿಲ್ಲ. ಕೊನೆಯ ಬಿಲ್ಲಿನಲ್ಲಿ 855 ರೂಪಾಯಿ ಚಿಲ್ಲರೆ ಇದೆ. ನಾನು ಕೊಟ್ಟಿದ್ದು 920. ಅದರ ಹಿಂದಿನದ್ದಕ್ಕೂ 920.

ಸಿಲಿಂಡರ್ ತಂದವರು "ಒಂಬೈನೂರ ಇಪ್ಪತ್ತು ಮೇಡಂ" ಅನ್ನುತ್ತಾರೆ, ನಾನು ಕೊಡುತ್ತೇನೆ. ವರ್ಷಕ್ಕೆ ಎಂಟು ಸಿಲಿಂಡರ್ ಅಂದರೂ 520 ರೂಪಾಯಿ. ದೊಡ್ಡ ಮೊತ್ತವಲ್ಲ ಬಿಡಿ. ಆದರೆ ನನ್ನನ್ನು ಕೊರೆಯುತ್ತಿರುವುದು ಬೇರೆ. ಬಿಲ್ಲು ಕೈಯಲ್ಲೇ ಇರುತ್ತಿತ್ತು. "ಇದರಲ್ಲಿ ಇಷ್ಟೇ ಇದೆಯಲ್ಲ?" ಅಂತ ಒಂದು ಸಲವೂ ಬಾಯಿ ಬಿಡಲಿಲ್ಲ. ಅರವತ್ತೈದು ರೂಪಾಯಿಗೆ ಜಗಳ ಆಡುತ್ತಾಳೆ ಅಂದುಕೊಳ್ಳುತ್ತಾರೆ ಅಂತ ಸಂಕೋಚ.

ಆಮೇಲೆ ಕೂತು ಯೋಚನೆ ಮಾಡಿದೆ. ಹಾಗೆ ಬಾಯಿ ಮುಚ್ಚಿಕೊಂಡು ಇನ್ನೂ ಎಲ್ಲೆಲ್ಲಿ ಕೊಡುತ್ತಿದ್ದೇನೋ ಗೊತ್ತಿಲ್ಲ. ನಿಮಗೂ ಹೀಗೆ ಆಗಿದ್ದರೆ ಬರೆಯಿರಿ. ಕಾಫಿ ಬಿಡಿ, ಹೊರಗೆ ತಿನ್ನಬೇಡಿ ಅನ್ನುವ ಉಪದೇಶ ಬೇಡ. ಅದು ನಮ್ಮತ್ತೆಯಿಂದ ದಿನಾ ಸಿಗುತ್ತದೆ.

ಸೊನ್ನೆ_ನೋಡಿ

ಅಕ್ಕಾ, ಸಿಲಿಂಡರ್ ವಿಷಯ ಹೇಳಿಬಿಡುತ್ತೇನೆ. ಬಿಲ್ಲಿನಲ್ಲಿರುವ ಬೆಲೆಯಲ್ಲೇ ಮನೆಗೆ ತಲುಪಿಸುವ ಖರ್ಚೂ ಸೇರಿರುತ್ತದೆ. ನಾವೇ ಗೋಡೌನ್‌ಗೆ ಹೋಗಿ ತಂದುಕೊಂಡರೆ ಆ ಖರ್ಚಿನಷ್ಟು ಬೆಲೆಯಲ್ಲಿ ಕಡಿಮೆ ಮಾಡಬೇಕು. ಹಾಗಾಗಿ ನೀವು ಕೊಟ್ಟ 65 ರೂಪಾಯಿ ಎರಡನೇ ಸಲದ ಸಾಗಣೆ ಖರ್ಚು.

ಅದಕ್ಕಿಂತ ಮುಖ್ಯವಾದದ್ದು ತೂಕ. ಮನೆ ಸಿಲಿಂಡರ್‌ನಲ್ಲಿ ಗ್ಯಾಸ್ 14.2 ಕಿಲೋ ಇರಬೇಕು. ಖಾಲಿ ಸಿಲಿಂಡರ್ ತೂಕ ಎಷ್ಟು ಅಂತ ಹಿಡಿಯ ಕೆಳಗಿನ ಪಟ್ಟಿಯ ಮೇಲೆ ಬರೆದಿರುತ್ತದೆ. ಒಂದೊಂದು ಸಿಲಿಂಡರ್‌ಗೆ ಒಂದೊಂದು ತೂಕ, ಸುಮಾರು 15-16 ಕಿಲೋ. ಎರಡನ್ನೂ ಕೂಡಿಸಿ, ತೂಕ ಹಾಕಿಸಿ. ತಂದವರ ಹತ್ತಿರ ತಕ್ಕಡಿ ಇರಬೇಕು, ಕೇಳಿದರೆ ತೋರಿಸಬೇಕು. ಸೀಲ್ ಇದ್ದ ಮಾತ್ರಕ್ಕೆ ಸಮಾಧಾನ ಪಟ್ಟುಕೊಳ್ಳಬೇಡಿ.

ಅದೇ ಪಟ್ಟಿಯ ಮೇಲೆ ಒಂದು ಅಕ್ಷರ, ಎರಡು ಅಂಕಿ ಇರುತ್ತವೆ. 'ಎ' ಅಂದರೆ ಜನವರಿಯಿಂದ ಮಾರ್ಚ್, 'ಬಿ' ಅಂದರೆ ಏಪ್ರಿಲ್‌ನಿಂದ ಜೂನ್, ಹೀಗೆ 'ಡಿ' ತನಕ. ಅಂಕಿ ವರ್ಷದ್ದು. ಆ ಸಿಲಿಂಡರ್ ಮತ್ತೆ ಪರೀಕ್ಷೆಗೆ ಹೋಗಬೇಕಾದ ಗಡುವು ಅದು. ಗಡುವು ದಾಟಿದ್ದರೆ ವಾಪಸ್ ಕೊಡಿ. ಇದು ದುಡ್ಡಿನ ಮಾತಲ್ಲ, ಆದರೂ ಸಿಲಿಂಡರ್ ಕಡೆ ಬಗ್ಗಿ ನೋಡುವಾಗ ಇದನ್ನೂ ನೋಡಿಬಿಡಿ.

ಹೆಗಲ_ಭಾರ

ಇಲ್ಲಿ ಸ್ವಲ್ಪ ಬೇರೆ ಮಾತು ಹೇಳಬೇಕು. ನನ್ನ ತಮ್ಮ ಸಿಲಿಂಡರ್ ಹಾಕುವ ಕೆಲಸ ಮಾಡುತ್ತಾನೆ. ಯಾವ ಊರು, ಯಾವ ಏಜೆನ್ಸಿ ಅಂತ ಹೇಳುವುದಿಲ್ಲ. ಅವನಿಗೆ ತಿಂಗಳ ಸಂಬಳ ಅಂತಿಲ್ಲ. ಒಂದು ಸಿಲಿಂಡರ್‌ಗೆ ಇಷ್ಟು ಅಂತ ಲೆಕ್ಕ. ಗಾಡಿಯ ಪಂಕ್ಚರ್ ಅವನದ್ದೇ. ಲಿಫ್ಟ್ ಇದ್ದ ಕಡೆಯೂ "ಸಿಲಿಂಡರ್ ಲಿಫ್ಟಲ್ಲಿ ತರಬೇಡಿ" ಅಂತ ಬೋರ್ಡು. ಮೂವತ್ತು ಕಿಲೋ ಹೆಗಲ ಮೇಲೆ ಇಟ್ಟುಕೊಂಡು ದಿನಕ್ಕೆ ನಲವತ್ತು ಮನೆ ಹತ್ತಿ ನೋಡಿ.

ಅವನು ಕೇಳುವುದು ಸರಿ ಅನ್ನುತ್ತಿಲ್ಲ. ಬಿಲ್ಲಿಗಿಂತ ಜಾಸ್ತಿ ಕೇಳುವುದು ತಪ್ಪೇ. ಆದರೆ ನಿಮ್ಮ ಕೋಪ ಪೂರ್ತಿ ಅವನ ಮೇಲೆ ಬಂದು ಬೀಳುತ್ತದೆ. ಬೆಲೆಯಲ್ಲಿ ಸೇರಿರುವ ಸಾಗಣೆ ಖರ್ಚು ಎಲ್ಲಿ ಹೋಯಿತು ಅಂತ ಏಜೆನ್ಸಿಯವರನ್ನು ಯಾರೂ ಕೇಳುವುದಿಲ್ಲ.

ಮೂರನೇ_ಮಹಡಿ

ನೀವು ಹೇಳಿದ್ದು ನಾಟಿತು. ನಮ್ಮ ಮನೆಯೂ ಮೂರನೇ ಮಹಡಿ, ಲಿಫ್ಟ್ ಇಲ್ಲ. ಹಾಗಂತ "920" ಅಂತ ಬೆಲೆಯ ಹಾಗೆ ಹೇಳಿ ತೆಗೆದುಕೊಳ್ಳುವುದಕ್ಕೂ, ನಾನಾಗಿ ಕೈಗಿಡುವುದಕ್ಕೂ ವ್ಯತ್ಯಾಸ ಇದೆ ಅಲ್ವಾ?

ಹೆಗಲ_ಭಾರ

ಇದೆ. ಅವನಿಗೂ ಎರಡನೆಯದೇ ಇಷ್ಟ. ಆದರೆ ಕೇಳದಿದ್ದರೆ ಹತ್ತರಲ್ಲಿ ಒಂಬತ್ತು ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ. ನೀರು ಬೇಕಾ ಅಂತಲೂ ಕೇಳುವುದಿಲ್ಲ.

ಬಸ್‌ಸ್ಟ್ಯಾಂಡ್_ಬಾಬು

ನನ್ನ ಹಳೇ ವೈರಿ 'ಕೂಲಿಂಗ್ ಚಾರ್ಜ್'. 20 ರೂಪಾಯಿ ಬಾಟಲಿಗೆ 22. ಯಾಕೆ ಅಂದರೆ "ಫ್ರಿಜ್ಜಲ್ಲಿ ಇಟ್ಟಿದೀವಲ್ಲ ಸಾರ್". ಎಂಆರ್‌ಪಿ ಅಂದರೆ ಎಲ್ಲ ತೆರಿಗೆ ಸೇರಿ ಗರಿಷ್ಠ ಬೆಲೆ. ಅದರ ಮೇಲೆ ಒಂದು ರೂಪಾಯಿ ತೆಗೆದುಕೊಂಡರೂ ತಪ್ಪು. ಅದಕ್ಕಿಂತ ಕಡಿಮೆಗೆ ಕೊಡಬಹುದು, ನಾವು ಕೇಳಲೂಬಹುದು. ಇದನ್ನು ಜನ ಮರೆತೇಬಿಟ್ಟಿದ್ದಾರೆ.

ರೈಲಿನಲ್ಲೂ ಹಾಗೇ. ರೈಲ್ ನೀರ್ ಲೀಟರ್ ಬಾಟಲಿಯ ಬೆಲೆ 2025ರ ಸೆಪ್ಟೆಂಬರ್ 22ರಿಂದ 15 ಇದ್ದದ್ದು 14 ಆಯಿತು. ನನಗೆ ಆಮೇಲೂ ಬೋಗಿಯಲ್ಲಿ 20 ಕೇಳಿದರು. "139ಕ್ಕೆ ಫೋನ್ ಮಾಡಲಾ?" ಅಂದೆ. ಅದು ರೈಲ್ವೆ ಸಹಾಯವಾಣಿ. ಚಿಲ್ಲರೆ ಸಮೇತ ವಾಪಸ್ ಬಂತು. ಜೋರಾಗಿ ಹೇಳಿರಲಿಲ್ಲ, ನಗುತ್ತಲೇ ಹೇಳಿದ್ದೆ.

ಹೋಟೆಲಿನಲ್ಲೂ ನೀರಿನ ಬಾಟಲಿಗೆ 40-50 ಹಾಕುತ್ತಾರೆ. ಎಲ್ಲರೂ ಕೇಸ್ ಹಾಕಬೇಕು ನೋಡಿ.

ಹಳೇ_ವಕೀಲ

ಬಾಬು ಅವರೇ, ಕೊನೆಯ ಮಾತು ಮಾತ್ರ ನಿಲ್ಲುವುದಿಲ್ಲ. 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ತೀರ್ಮಾನ ಮಾಡಿದೆ. ಹೋಟೆಲ್, ರೆಸ್ಟೋರೆಂಟ್‌ನಲ್ಲಿ ಕೂತಾಗ ನೀವು ಬರೀ ಬಾಟಲಿ ಕೊಳ್ಳುತ್ತಿಲ್ಲ, ಜಾಗ, ಸೇವೆ ಎಲ್ಲ ಸೇರಿದೆ, ಆದ್ದರಿಂದ ಅಲ್ಲಿ ಎಂಆರ್‌ಪಿಗಿಂತ ಜಾಸ್ತಿ ಹಾಕಬಹುದು ಅಂತ. ಬೇಕರಿ, ಬಸ್‌ಸ್ಟ್ಯಾಂಡ್ ಅಂಗಡಿಗೆ ಈ ರಿಯಾಯಿತಿ ಇಲ್ಲ. ಹೋಟೆಲಿನಲ್ಲಿ ಮಾಡಬಹುದಾದ್ದು ಇಷ್ಟೇ: "ಬಾಟಲಿ ಬೇಡ, ಮಾಮೂಲಿ ನೀರು ಕೊಡಿ" ಅನ್ನುವುದು. ದೊಡ್ಡ ಹೋಟೆಲಿನಲ್ಲಿ ಇದನ್ನು ಹೇಳೋಕೂ ನಮ್ಮವರಿಗೆ ನಾಚಿಕೆ.

ಆದರೆ ಬಿಲ್ಲಿನ ಕೆಳಗೆ 'ಸರ್ವಿಸ್ ಚಾರ್ಜ್' ಅಂತ 5 ಅಥವಾ 10 ಪರ್ಸೆಂಟ್ ಬಂದಿದ್ದರೆ ಅದನ್ನು ತೆಗೆಸಬಹುದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿತ್ತು, ತಾನಾಗಿ ಬಿಲ್ಲಿಗೆ ಸೇರಿಸುವ ಹಾಗಿಲ್ಲ ಅಂತ. ಹೋಟೆಲಿನವರು ಕೋರ್ಟಿಗೆ ಹೋದರು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಪ್ರಾಧಿಕಾರದ ಮಾತನ್ನೇ ಎತ್ತಿ ಹಿಡಿಯಿತು. ಇದನ್ನು ಜಿಎಸ್‌ಟಿ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಜಿಎಸ್‌ಟಿ ಕೊಡಲೇಬೇಕು. ಸರ್ವಿಸ್ ಚಾರ್ಜ್ ನಿಮ್ಮ ಇಷ್ಟ.

ದೂರು ಕೊಡುವುದಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕೇಸ್ ಅಂತ ಹೋಗುವ ಮೊದಲು ಇದನ್ನು ಮಾಡಿ. ಬಿಲ್ಲಿನ ಫೋಟೋ ಇಟ್ಟುಕೊಳ್ಳಿ.

ಪುಟ್ಟಿಯ_ಅಮ್ಮ

ಮೈಸೂರು ಪಾಕ್ ಡಬ್ಬದ ಮಾತು ಯಾರೂ ಎತ್ತಲಿಲ್ಲವಲ್ಲ!

ಸ್ವೀಟ್ ಅಂಗಡಿಯಲ್ಲಿ ರಟ್ಟಿನ ಡಬ್ಬವನ್ನು ತಕ್ಕಡಿ ಮೇಲೆ ಇಟ್ಟು, ಅದರೊಳಗೆ ಸ್ವೀಟ್ ಜೋಡಿಸಿ ತೂಗುತ್ತಾರೆ. ಒಂದು ಕಿಲೋ ಡಬ್ಬ ಬರಿಯದೇ 80-100 ಗ್ರಾಂ ತೂಗುವುದನ್ನು ನಾನು ಮನೆಯ ತಕ್ಕಡಿಯಲ್ಲೇ ನೋಡಿದ್ದೇನೆ. ಕಿಲೋಗೆ 800 ರೂಪಾಯಿ ಸ್ವೀಟ್ ಅಂದರೆ ಒಂದು ರಟ್ಟಿಗೆ 80 ರೂಪಾಯಿ. ಆ ರಟ್ಟನ್ನು ಮಾರನೇ ದಿನ ಕಸದವರಿಗೆ ಕೊಡುತ್ತೇವೆ.

ಡಬ್ಬ ಬಿಟ್ಟು ಬರೀ ಪದಾರ್ಥದ ತೂಕಕ್ಕೆ ದುಡ್ಡು ತೆಗೆದುಕೊಳ್ಳಬೇಕು ಅನ್ನುವುದು ಕಾನೂನು. ನಾನು ಈಗ ಒಂದೇ ಮಾತು ಹೇಳುತ್ತೇನೆ: "ಡಬ್ಬ ಇಟ್ಟು ಸೊನ್ನೆ ಮಾಡಿಬಿಡಿ ಅಣ್ಣ." ತಕ್ಕಡಿಯಲ್ಲಿ ಅದಕ್ಕೆ ಗುಂಡಿ ಇದೆ. ಒತ್ತುತ್ತಾರೆ. ಜಗಳ ಇಲ್ಲ, ಏನಿಲ್ಲ. ದೀಪಾವಳಿಗೆ ಆರು ಡಬ್ಬ ತಂದಿದ್ದೆ, ಲೆಕ್ಕ ನೀವೇ ಹಾಕಿಕೊಳ್ಳಿ.

ಇನ್ನೊಂದು. ದೊಡ್ಡ ಪ್ಯಾಕ್ ಅಂದರೆ ಅಗ್ಗ ಅನ್ನುವುದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಶಾಂಪೂ ವಿಷಯದಲ್ಲಿ ಎಷ್ಟೋ ಸಲ ಉಲ್ಟಾ. ಬಾಗಿಲಿಗೆ ಸರ ಕಟ್ಟಿ ನೇತುಹಾಕಿರುವ ಚಿಕ್ಕ ಸ್ಯಾಶೆ ಬಾಟಲಿಗಿಂತ ಅಗ್ಗ ಬೀಳುತ್ತದೆ. ಈಗ ಪ್ಯಾಕೆಟ್ ಮೇಲೆ ಎಂಆರ್‌ಪಿ ಪಕ್ಕದಲ್ಲೇ ಗ್ರಾಂಗೆ ಇಷ್ಟು, ಮಿಲಿಗೆ ಇಷ್ಟು ಅಂತ ಸಣ್ಣದಾಗಿ ಬರೆದಿರುತ್ತಾರೆ. ನಾನು ಅದನ್ನೇ ನೋಡುವುದು. ಅಕ್ಷರ ಇರುವೆ ಗಾತ್ರದ್ದು. ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದುತ್ತೇನೆ. ನಮ್ಮ ಯಜಮಾನರು ಆ ಹೊತ್ತಿಗೆ ಪಕ್ಕದ ಸಾಲಿಗೆ ಹೋಗಿ ನಿಂತಿರುತ್ತಾರೆ, ನನ್ನ ಪರಿಚಯವೇ ಇಲ್ಲದವರ ಹಾಗೆ.

ಅಡಿಕೆ_ಸಿಪ್ಪೆ

ನಿಮ್ಮ ಯಜಮಾನರ ಪಕ್ಕದಲ್ಲೇ ನಾನೂ ನಿಂತಿರುತ್ತೇನೆ. ಹೇಳಿ ಅವರಿಗೆ 😄

ಬಿಳಿ_ಕೋಟು

ಮೆಡಿಕಲ್ ಶಾಪಿನಲ್ಲಿ ಹದಿನೇಳು ವರ್ಷದಿಂದ ಇದ್ದೇನೆ. ಕೌಂಟರಿನ ಈ ಕಡೆಯಿಂದ ಸ್ವಲ್ಪ ಬರೆಯುತ್ತೇನೆ.

ಜನ ಬಂದು ಕೇಳುವುದು "ಎಷ್ಟು ಡಿಸ್ಕೌಂಟ್?" ಅಂತ. ಆ ಪ್ರಶ್ನೆಯಿಂದ ಅಂಥ ಉಪಯೋಗವಿಲ್ಲ. ಕೆಲವು ಕಂಪನಿಗಳ ಮಾತ್ರೆಗಳಿಗೆ ಎಂಆರ್‌ಪಿಯನ್ನೇ ಎತ್ತರಕ್ಕೆ ಹಾಕಿರುತ್ತಾರೆ. 20 ಪರ್ಸೆಂಟ್ ಬಿಟ್ಟು ಕೊಟ್ಟರೂ ಅಂಗಡಿಗೆ ಒಳ್ಳೆಯ ಲಾಭ. ಕೇಳಬೇಕಾದ ಪ್ರಶ್ನೆ: "ಇದೇ ಔಷಧಿ ಬೇರೆ ಕಂಪನಿಯದ್ದು ಇದೆಯಾ? ಅದಕ್ಕೆಷ್ಟು?" ಪಟ್ಟಿಯ ಮೇಲೆ ಎರಡು ಹೆಸರಿರುತ್ತವೆ. ಒಂದು ಕಂಪನಿ ಇಟ್ಟ ಹೆಸರು. ಇನ್ನೊಂದು ಔಷಧಿಯ ಹೆಸರು: ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟಾನ್, ಅಟಾರ್ವಾಸ್ಟಾಟಿನ್ ಹೀಗೆ. ಆ ಔಷಧಿಯ ಹೆಸರು, ಪಕ್ಕದ ಮಿಲಿಗ್ರಾಂ ಎರಡನ್ನೂ ಬರೆದುಕೊಂಡು, ಜೆನೆರಿಕ್ ಅಂದರೆ ಬ್ರ್ಯಾಂಡ್ ಹೆಸರಿಲ್ಲದ ಔಷಧಿ ಮಾರುವ ಜನೌಷಧಿ ಕೇಂದ್ರಕ್ಕೆ ಹೋಗಿ ಕೇಳಿ. ಅಲ್ಲಿ ಬ್ರ್ಯಾಂಡ್ ಬೆಲೆಗಿಂತ ಅರ್ಧಕ್ಕೂ ಕಡಿಮೆ ಇರುತ್ತದೆ, ಕೆಲವು ಮಾತ್ರೆಗಳಿಗೆ ಹತ್ತನೇ ಒಂದು ಪಾಲು. ನಮ್ಮ ಅಂಗಡಿಗೆ ಬರುತ್ತಿದ್ದ ಒಬ್ಬ ರಿಟೈರ್ಡ್ ಮೇಷ್ಟ್ರು ಬಿಪಿ, ಶುಗರ್ ಎರಡಕ್ಕೂ ಸೇರಿ ತಿಂಗಳಿಗೆ 1,400 ಕೊಡುತ್ತಿದ್ದರು. ನಾನೇ ಅವರಿಗೆ ದಾರಿ ತೋರಿಸಿ ಕಳಿಸಿದೆ. ಈಗ 350 ಆಗುತ್ತದಂತೆ. ನಮ್ಮ ಓನರ್ ಇದನ್ನು ಓದದಿರಲಿ.

ಎಚ್ಚರ ಒಂದಿದೆ. ಥೈರಾಯ್ಡ್ ಮಾತ್ರೆ, ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರ್‌ನ ಕೇಳದೆ ಕಂಪನಿ ಬದಲಾಯಿಸಬೇಡಿ. ಅವುಗಳಲ್ಲಿ ಪ್ರಮಾಣ ಸ್ವಲ್ಪ ಆಚೀಚೆ ಆದರೂ ದೇಹಕ್ಕೆ ಗೊತ್ತಾಗುತ್ತದೆ. ಡಾಕ್ಟರ್ ಹತ್ತಿರ ಹೋದಾಗ "ಇದಕ್ಕೆ ಜೆನೆರಿಕ್ ಆಗುತ್ತಾ ಸರ್?" ಅಂತ ನೇರವಾಗಿ ಕೇಳಿ. ಹೆಚ್ಚಿನವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಮೂರನೇ_ಮಹಡಿ

ಡಾಕ್ಟರ್‌ನ ಕೇಳುವುದೇ ನನಗೆ ಎಲ್ಲಕ್ಕಿಂತ ಕಷ್ಟ. ಎದ್ದು ಬಾಗಿಲ ತನಕ ಬಂದಮೇಲೆ ನೆನಪಾಗುತ್ತದೆ, ಆಮೇಲೆ ವಾಪಸ್ ಹೋಗೋಕೆ ಆಗಲ್ಲ.

ಬಿಳಿ_ಕೋಟು

ಚೀಟಿಯಲ್ಲಿ ಬರೆದುಕೊಂಡು ಹೋಗಿ ಮೇಡಂ. ಚೀಟಿಯನ್ನೇ ಅವರ ಮೇಜಿನ ಮೇಲೆ ಇಡಿ.

ಮೀಟರ್_ಮಂಜ

ನಾನು ಬೆಂಗಳೂರಲ್ಲಿ ಆಟೋ ಓಡಿಸುವವನು. ಬೈಯುವವರು ಬೈಯಿರಿ, ಮೊದಲು ಕೇಳಿ.

2025ರ ಆಗಸ್ಟ್ 1ರಿಂದ ಮೊದಲ 2 ಕಿಲೋಮೀಟರ್‌ಗೆ 36 ರೂಪಾಯಿ, ಆಮೇಲೆ ಕಿಲೋಮೀಟರ್‌ಗೆ 18. ರಾತ್ರಿ 10ರಿಂದ ಬೆಳಗ್ಗೆ 5ರ ತನಕ ಒಂದೂವರೆ ಪಟ್ಟು. 6 ಕಿಲೋಮೀಟರ್ ಅಂದರೆ 36 ಪ್ಲಸ್ 72, ಒಟ್ಟು 108. ಈ ಲೆಕ್ಕ ತಲೆಯಲ್ಲಿ ಇಟ್ಟುಕೊಂಡು ಬಂದರೆ ಯಾರೂ ನಿಮಗೆ 200 ಹೇಳಲ್ಲ. ಹೇಳಿದರೂ ನಿಮಗೆ ಗೊತ್ತಾಗುತ್ತದೆ.

ಆದರೆ ಹತ್ತುವವರು ಮೊದಲು ಏನು ಕೇಳುತ್ತಾರೆ ಗೊತ್ತಾ? "ಎಷ್ಟಾಗುತ್ತೆ?" ನೀವೇ ಚೌಕಾಸಿಗೆ ಕರೆದ ಹಾಗಾಯಿತಲ್ಲ. "ಮೀಟರ್ ಹಾಕ್ತೀರಾ?" ಅಂತ ಕೇಳಿ. ಹತ್ತರಲ್ಲಿ ನಾಲ್ಕು ಜನ ಹಾಕುತ್ತಾರೆ. ಉಳಿದ ಆರು ಜನರ ಬಗ್ಗೆ ನಾನು ಮಾತಾಡಲ್ಲ, ಸ್ಟ್ಯಾಂಡಿನಲ್ಲಿ ನಾಳೆ ಮುಖ ನೋಡಬೇಕು.

ಅಂದಹಾಗೆ ಮೆಟ್ರೋದಲ್ಲಿ ಓಡಾಡುವವರು ಇನ್ನೂ ಟೋಕನ್ ತೆಗೆದುಕೊಳ್ಳುವುದನ್ನು ನೋಡುತ್ತೇನೆ. 2025ರ ಫೆಬ್ರವರಿಯಲ್ಲಿ ದರ ಏರಿ, ಗರಿಷ್ಠ 90 ರೂಪಾಯಿ ಆಯಿತಲ್ಲ, ಆಗಲೂ ಕಾರ್ಡಿಗೆ 5 ಪರ್ಸೆಂಟ್ ರಿಯಾಯಿತಿ ಇಟ್ಟರು. ಜನ ಕಡಿಮೆ ಇರುವ ಹೊತ್ತಿಗೆ ಇನ್ನೂ 5. ನನ್ನ ಗಿರಾಕಿ ಕಳೆದುಕೊಳ್ಳುವ ಮಾತು ನಾನೇ ಹೇಳುತ್ತಿದ್ದೇನೆ.

ಕಂತಿನ_ಕುದುರೆ

ಇಲ್ಲಿ ಎಲ್ಲರೂ ಅರವತ್ತು, ಎಂಬತ್ತು ರೂಪಾಯಿ ಮಾತಾಡುತ್ತಿದ್ದೀರಿ. ನಾನು ಬಾಯಿ ಮುಚ್ಚಿಕೊಂಡು ಕಳೆದುಕೊಂಡದ್ದು ಲಕ್ಷದ ಲೆಕ್ಕ. ಹೇಳಿಕೊಳ್ಳೋಕೆ ನಾಚಿಕೆ, ಆದರೂ ಯಾರಿಗಾದರೂ ಉಪಯೋಗ ಆಗಲಿ.

2013ರಲ್ಲಿ ಮನೆ ಸಾಲ ಮಾಡಿದೆ. ಫ್ಲೋಟಿಂಗ್ ಬಡ್ಡಿ. ಫ್ಲೋಟಿಂಗ್ ಅಂದರೆ ಇಳಿದಾಗ ಇಳಿಯುತ್ತದೆ, ಏರಿದಾಗ ಏರುತ್ತದೆ ಅಂತ ನಂಬಿಕೊಂಡಿದ್ದೆ. ಏರುವಾಗ ಮಾತ್ರ ಚೆನ್ನಾಗಿ ಏರಿತು. ಸಾಲ ಹಳೇ ಪದ್ಧತಿಯದ್ದು, ಬ್ಯಾಂಕ್ ತಾನೇ ಲೆಕ್ಕ ಹಾಕಿ ಇಡುವ ಬೇಸ್ ರೇಟ್ ಅಂತ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಹೊಸ ಫ್ಲೋಟಿಂಗ್ ಮನೆ ಸಾಲಗಳನ್ನು ರೆಪೋ ದರದಂಥ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ) ಹೊರಗಿನ ದರಕ್ಕೆ ಕಟ್ಟಿಹಾಕಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತು. ಹೊಸಬರಿಗೆ ರೆಪೋ ಇಳಿದರೆ ಮೂರು ತಿಂಗಳೊಳಗೆ ಬಡ್ಡಿ ಇಳಿಯುತ್ತದೆ. ನನ್ನಂಥ ಹಳಬರು ಕೇಳಿ ಬದಲಾಯಿಸಿಕೊಳ್ಳಬೇಕು. ತಾವಾಗಿ ಯಾರೂ ಕರೆದು ಹೇಳಲಿಲ್ಲ.

ನಮ್ಮ ಆಫೀಸಿಗೆ ಹೊಸದಾಗಿ ಬಂದ ಹುಡುಗ ಊಟದ ಹೊತ್ತಿಗೆ ಅವನ ಬಡ್ಡಿ ದರ ಹೇಳಿದ. ಅದೇ ಬ್ಯಾಂಕ್, ನನಗಿಂತ ಒಂದು ಪರ್ಸೆಂಟ್ ಕಡಿಮೆ. ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಒಂದು ಪರ್ಸೆಂಟ್ ಅಂದರೆ ಎಷ್ಟು ಅಂತ ತೋರಿಸುತ್ತೇನೆ. 30 ಲಕ್ಷ ಬಾಕಿ, 15 ವರ್ಷ ಉಳಿದಿದೆ ಅಂದುಕೊಳ್ಳಿ. ಒಂಬತ್ತೂವರೆ ಬಡ್ಡಿಗೆ ಕಂತು ಸುಮಾರು 31,330. ಎಂಟೂವರೆಗೆ 29,540. ತಿಂಗಳಿಗೆ ಹತ್ತಿರ ಹತ್ತಿರ 1,800. ಹದಿನೈದು ವರ್ಷಕ್ಕೆ ಮೂರು ಲಕ್ಷದ ಮೇಲೆ. ಕಂತು ಹಾಗೇ ಇಟ್ಟು ಅವಧಿ ಇಳಿಸಿಕೊಂಡರೆ ಒಂದೂವರೆ ವರ್ಷ ಮೊದಲೇ ಸಾಲ ಮುಗಿಯುತ್ತದೆ. ನಾನು ಎರಡನೆಯದನ್ನು ಮಾಡಿದೆ.

ಬ್ರಾಂಚಿಗೆ ಹೋಗಿ ಒಂದು ಅರ್ಜಿ ಬರೆದುಕೊಟ್ಟೆ, ಒಂದಿಷ್ಟು ಶುಲ್ಕ ಕಟ್ಟಿದೆ, ಮುಗಿಯಿತು. ನಲವತ್ತು ನಿಮಿಷದ ಕೆಲಸ. ಅದನ್ನು ಆರು ವರ್ಷ ಮುಂದೂಡಿದ್ದೆ.

ನಾಗರಬಾವಿ_ನಿವಾಸಿ

ಸರ್, ಬ್ಯಾಂಕಿನವರು ಒಪ್ಪದಿದ್ದರೆ?

ಕಂತಿನ_ಕುದುರೆ

ಬೇರೆ ಬ್ಯಾಂಕಿಗೆ ಸಾಲ ವರ್ಗ ಮಾಡಿಸುತ್ತೇನೆ ಅಂತ ಹೇಳಿ. ವ್ಯಕ್ತಿಗಳು ತೆಗೆದುಕೊಂಡ ಫ್ಲೋಟಿಂಗ್ ಮನೆ ಸಾಲವನ್ನು ಮೊದಲೇ ತೀರಿಸಿದರೆ ದಂಡ ಹಾಕುವ ಹಾಗಿಲ್ಲ. ಆ ಮಾತು ಬಂದ ಕೂಡಲೇ ಮ್ಯಾನೇಜರ್ ಕುರ್ಚಿ ತೋರಿಸುತ್ತಾರೆ, ಕಾಫಿಯೂ ಬರುತ್ತದೆ. ಆದರೆ ನಿಮ್ಮದು ಹೌಸಿಂಗ್ ಫೈನಾನ್ಸ್ ಕಂಪನಿ ಸಾಲವಾಗಿದ್ದರೆ ಆ ರೆಪೋ ನಿಯಮ ಅವರಿಗೆ ಅನ್ವಯಿಸುವುದಿಲ್ಲ. ಅಲ್ಲಿ ಚೌಕಾಸಿಯೇ ದಾರಿ.

2025ರಲ್ಲಿ ರೆಪೋ ಆರೂವರೆಯಿಂದ ಡಿಸೆಂಬರ್ ಹೊತ್ತಿಗೆ ಐದೂಕಾಲಿಗೆ ಬಂತು. ನಿಮ್ಮ ಬಡ್ಡಿಯೂ ಒಂದೂಕಾಲು ಇಳಿದಿದೆಯಾ ಅಂತ ಸ್ಟೇಟ್‌ಮೆಂಟ್ ತೆಗೆದು ನೋಡಿ. ಇಳಿಯದಿದ್ದರೆ ನೀವೂ ನನ್ನ ಜಾತಿಯವರೇ.

ಬಾಡಿಗೆ_ಬಂಧು

ಸ್ಟೇಟ್‌ಮೆಂಟ್ ಅಂದಿರಲ್ಲ, ನಾನೂ ಇವತ್ತು ನೋಡಿದೆ. ಎರಡು ಬ್ಯಾಂಕಿನಲ್ಲಿ ಪ್ರತಿ ವರ್ಷ ಮೇ ಕೊನೆಗೆ 436 ರೂಪಾಯಿ ಕಟ್ ಆಗಿದೆ. ಏನಿದು?

ಹಳೇ_ವಕೀಲ

ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆ. 2 ಲಕ್ಷದ ಜೀವ ವಿಮೆ, ವರ್ಷಕ್ಕೆ 436. ಒಳ್ಳೆಯದೇ, ಒಂದು ಇರಲಿ. ಎರಡು ಕಡೆ ಕಟ್ಟಿದರೂ ಸಿಗುವುದು 2 ಲಕ್ಷವೇ, ನಾಲ್ಕಲ್ಲ. ಒಂದು ಬ್ಯಾಂಕಿನಲ್ಲಿ ನಿಲ್ಲಿಸಲು ಬರೆದುಕೊಡಿ. ಮೇ ತಿಂಗಳು ಬರುವ ಮೊದಲು.

ಬಾಡಿಗೆ_ಬಂಧು

ಧನ್ಯವಾದ ಸರ್. ಬಂದಿದ್ದಕ್ಕೆ ನಾನೂ ಒಂದು ಕೊಡುತ್ತೇನೆ. ಬಾಡಿಗೆ ಮನೆ ಬದಲಾಯಿಸುವವರಿಗೆ ಇದು. ಉಚಿತ ಕರೆಂಟಿನ ಗೃಹಜ್ಯೋತಿ ಇದೆಯಲ್ಲ, ಹಳೇ ಮನೆಯ ಕರೆಂಟ್ ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್‌ನಿಂದ ಹೆಸರು ಬಿಡಿಸಿ ಹೊಸ ಮನೆಗೆ ಸೇರಿಸಬೇಕು. ನಾನು ಮಾಡಿರಲಿಲ್ಲ. ಐದು ತಿಂಗಳು ಪೂರ್ತಿ ಬಿಲ್ ಕಟ್ಟಿದೆ. ಹಳೇ ಮನೆಗೆ ಬಂದವರಿಗೂ ಸಿಗಲಿಲ್ಲ.

ಇನ್ನೊಂದು, 200 ಯೂನಿಟ್ ಎಲ್ಲರಿಗೂ ಪುಕ್ಕಟೆ ಅಂದುಕೊಂಡಿದ್ದಾರೆ. ಹಾಗಲ್ಲ. ಸಾಮಾನ್ಯವಾಗಿ 2022-23ರ ಸರಾಸರಿಗೆ 10 ಪರ್ಸೆಂಟ್ ಸೇರಿಸಿದರೆ ಎಷ್ಟೋ ಅಷ್ಟು. ಸರಾಸರಿ 120 ಇದ್ದರೆ 132. ನೀವು 150 ಸುಟ್ಟರೆ 18 ಯೂನಿಟ್‌ಗೆ ಕೊಡುತ್ತೀರಿ. 201 ಆಯಿತೋ, ಪೂರ್ತಿ 201ಕ್ಕೂ ಬಿಲ್. ಬೇಸಿಗೆಯಲ್ಲಿ ಆ ಗಡಿಯ ಹತ್ತಿರ ಬರುವ ಮನೆಗಳು ತಿಂಗಳ ಮಧ್ಯದಲ್ಲಿ ಒಮ್ಮೆ ಮೀಟರ್ ನೋಡಿಕೊಳ್ಳಿ. ಹಳೇ ಫ್ಯಾನ್ 75 ವ್ಯಾಟ್ ಎಳೆಯುತ್ತದೆ, ಹೊಸ ಬಿಎಲ್‌ಡಿಸಿ ಫ್ಯಾನ್ 30-35. ದಿನಕ್ಕೆ 12 ಗಂಟೆ ತಿರುಗಿದರೆ ಒಂದು ಫ್ಯಾನಿಗೆ ತಿಂಗಳಿಗೆ 14-16 ಯೂನಿಟ್ ಉಳಿಯುತ್ತದೆ.

ಅರಿಸಿನ_ಕುಂಕುಮ

ಮದುವೆ ಮನೆಯವರು ಓದುತ್ತಿದ್ದರೆ ಇತ್ತ ಬನ್ನಿ. ಚಿನ್ನದಂಗಡಿಯಲ್ಲಿ ಸಂಕೋಚ ಪಟ್ಟಷ್ಟು ದುಬಾರಿ ಬೇರೆಲ್ಲೂ ಇಲ್ಲ. ಎಸಿ ಹಾಕಿ, ಜ್ಯೂಸ್ ಕೊಟ್ಟು, ಅತ್ತೆಯನ್ನು ಪಕ್ಕದಲ್ಲಿ ಕೂರಿಸಿದಮೇಲೆ ಯಾರಿಗೆ ಬಾಯಿ ಬರುತ್ತದೆ?

ಚಿನ್ನದ ದರ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಆಟ ಇರುವುದು ಮಜೂರಿ, ಮತ್ತೆ ಒಡವೆ ಮಾಡುವಾಗ ಹಾಳಾಗುತ್ತದೆ ಅಂತ ಹಾಕುವ ವೇಸ್ಟೇಜ್‌ನಲ್ಲಿ. ಲೆಕ್ಕಕ್ಕೆ ಸುಲಭ ಆಗಲಿ ಅಂತ ಗ್ರಾಂಗೆ 10,000 ಅಂದುಕೊಳ್ಳಿ. 20 ಗ್ರಾಂ ಸರ, ಎರಡು ಲಕ್ಷ. ವೇಸ್ಟೇಜ್ 18 ಪರ್ಸೆಂಟ್ ಅಂದರೆ 36,000. 12 ಅಂದರೆ 24,000. ಬಾಯಿ ಬಿಟ್ಟು ಕೇಳಿದರೆ ಉಳಿಯುವುದು 12,000, ಅದರ ಮೇಲಿನ ಜಿಎಸ್‌ಟಿ 3 ಪರ್ಸೆಂಟ್ ಬೇರೆ. ನಾನು ಮಗಳ ಮದುವೆಗೆ ಮೂರು ಅಂಗಡಿ ಹತ್ತಿ ಇಳಿದೆ. ಮೂರನೆಯವರು ಎರಡನೆಯವರ ಚೀಟಿ ನೋಡಿಯೇ ಇಳಿಸಿದರು.

ಕಲ್ಲಿನ ಒಡವೆ ಆದರೆ ಕಲ್ಲಿನ ತೂಕ ಬೇರೆ, ಚಿನ್ನದ ತೂಕ ಬೇರೆ ಬರೆಸಿ. ಕಲ್ಲನ್ನು ಚಿನ್ನದ ದರದಲ್ಲಿ ತಂದರೆ ಮಾರುವಾಗ ಅದಕ್ಕೆ ಮೂರು ಕಾಸೂ ಸಿಗುವುದಿಲ್ಲ. ಒಡವೆಯ ಮೇಲೆ ಅದರದ್ದೇ ಗುರುತಿನ ನಂಬರ್, ಅಂದರೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇರಬೇಕು, 2023ರ ಏಪ್ರಿಲ್ 1ರಿಂದ ಕಡ್ಡಾಯ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಎಲ್ಲಿ ಪರೀಕ್ಷೆ ಆಗಿದೆ, ಎಷ್ಟು ಶುದ್ಧ ಅಂತ ಬರುತ್ತದೆ. ಹಾಲ್‌ಮಾರ್ಕ್ ಮಾಡಿಸಲು ಒಂದು ಒಡವೆಗೆ 45 ರೂಪಾಯಿ, ಮೇಲೆ ತೆರಿಗೆ. ಅದಕ್ಕೇ ನೂರಾರು ರೂಪಾಯಿ ಬರೆದಿದ್ದರೆ ಬೆರಳಿಟ್ಟು ಕೇಳಿ.

"ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಉಳಿಯುತ್ತೆ ಅಮ್ಮ" ಅನ್ನುತ್ತಾರೆ. ಒಪ್ಪಬೇಡಿ. ನಾಳೆ ಅದೇ ಅಂಗಡಿಗೆ ಹೋದರೆ "ಇದು ನಮ್ಮದಲ್ಲ" ಅಂತಾರೆ. ನನ್ನ ತಂಗಿಗೆ ಆಗಿದೆ.

ಕಲಬುರ್ಗಿ_ಕಾಕಾ

ಬೆಂಗಳೂರು ಮಂದಿ ಬ್ಯಾಳಿಯನ್ನು ಅರ್ಧ ಅರ್ಧ ಕಿಲೋ ಪ್ಯಾಕೆಟ್‌ನಲ್ಲಿ ತರುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ನಮ್ಮ ತೊಗರಿ ಬ್ಯಾಳಿಗೆ 2019ರಲ್ಲಿ ಜಿಐ ಮಾನ್ಯತೆ (ಇದು ಈ ಊರಿನದ್ದೇ ಅನ್ನುವ ಗುರುತು) ಸಿಕ್ಕಿದೆ, ಗೊತ್ತಿರಬೇಕು. ಡಿಸೆಂಬರ್, ಜನವರಿಗೆ ಹೊಸ ತೊಗರಿ ಬರುತ್ತದೆ. ಆಗ ಮಿಲ್ಲಿನಿಂದ ನೇರವಾಗಿ ವರ್ಷಕ್ಕೆ ಆಗುವಷ್ಟು ತಂದುಬಿಡುತ್ತೇವೆ. ಎರಡು ಬಿಸಿಲು ಕೊಟ್ಟು, ಅಂಗೈಗೆ ಹರಳೆಣ್ಣೆ ಹಚ್ಚಿಕೊಂಡು ಬ್ಯಾಳಿಗೆ ಸವರಿ, ಡಬ್ಬಕ್ಕೆ ತುಂಬಿ ಮೇಲೆ ಒಣಗಿದ ಬೇವಿನ ಎಲೆ. ಮೆಣಸಿನಕಾಯಿ ಬ್ಯಾಡಗಿಯದು, ಅದೂ ಬೇಸಿಗೆ ಮೊದಲೇ. ಹುಣಸೆಹಣ್ಣು ಹೊಸದು ಬಂದಾಗ ಬೀಜ ತೆಗೆದು ಉಪ್ಪು ಹಾಕಿ ಭರಣಿಗೆ. ಇಷ್ಟು ಮಾಡಿದರೆ ಶ್ರಾವಣದಲ್ಲಿ ಬೆಲೆ ಏರಿದರೂ ನಮಗೇನು?

ನಾಗರಬಾವಿ_ನಿವಾಸಿ

ಕಾಕಾ, ನಾನು ಮಾಡಿ ನೋಡಿದ್ದೇನೆ. ಇಪ್ಪತ್ತೈದು ಕಿಲೋ ತಂದೆ. ನಮ್ಮ ಫ್ಲ್ಯಾಟಿಗೆ ಬಿಸಿಲೇ ಬೀಳುವುದಿಲ್ಲ. ಜುಲೈಗೆ ಹುಳ. ಎಂಟು ಕಿಲೋ ಎಸೆದೆವು. ಇಬ್ಬರೇ ಇರುವ ಮನೆಗೆ ಇದು ಉಳಿತಾಯ ಅಲ್ಲ.

ಕಲಬುರ್ಗಿ_ಕಾಕಾ

ಇಪ್ಪತ್ತೈದು ಯಾಕ ತಂದ್ರಿ ಇಬ್ಬರಿಗೆ! ನಾಲ್ಕು ಮನೆಯವರು ಸೇರಿ ತರಿಸಿ, ಪಾಲು ಹಂಚಿಕೊಳ್ಳಿ. ಪಕ್ಕದ ಮನೆಯವರನ್ನು ಕೇಳೋಕೂ ಸಂಕೋಚವೇನು?

ಪುಟ್ಟಿಯ_ಅಮ್ಮ

ಒಂದು ಮಾತು. ಸೊಪ್ಪು ಮಾರುವ ಅಜ್ಜಿ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಡೆಲಿವರಿ ಆ್ಯಪ್‌ನಲ್ಲಿ ಪ್ಲಾಟ್‌ಫಾರ್ಮ್ ಫೀ, ಹ್ಯಾಂಡ್ಲಿಂಗ್ ಫೀ, ಸಣ್ಣ ಆರ್ಡರ್ ಫೀ, ಮಳೆ ಫೀ ಎಲ್ಲ ಕಣ್ಣು ಮುಚ್ಚಿ ಕೊಡುತ್ತಾರೆ. ಅಜ್ಜಿ ಮುಂದೆ ಮಾತ್ರ ಇವರಿಗೆ ಅರ್ಥಶಾಸ್ತ್ರ ನೆನಪಾಗುತ್ತದೆ.

ಸೊನ್ನೆ_ನೋಡಿ

ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಚೌಕಾಸಿ ಬೇಡ, ತಕ್ಕಡಿ ಮಾತ್ರ ನೋಡಿ. ಬಡವರ ತಕ್ಕಡಿಯೂ ಸರಿ ಇರಬೇಕು, ಅವರ ಪಕ್ಕದಲ್ಲಿ ಸರಿಯಾಗಿ ತೂಗುವ ಇನ್ನೊಬ್ಬ ಬಡವರು ಇರುತ್ತಾರಲ್ಲ.

ಮೂರನೇ_ಮಹಡಿ

ಮೂರು ವಾರ ಆಯಿತು, ನಡೆದದ್ದು ಹೇಳುತ್ತೇನೆ.

ಮೊನ್ನೆ ಸಿಲಿಂಡರ್ ಬಂತು. ನಾನು ಬೆಳಗ್ಗೆಯಿಂದ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದೆ ಅಂದರೆ ನಗಬೇಡಿ. "ಅಣ್ಣ, ತೂಕ ಹಾಕಿ ತೋರಿಸ್ತೀರಾ?" ಅಂದೆ. "ತಕ್ಕಡಿ ಗಾಡೀಲಿದೆ ಮೇಡಂ" ಅಂದರು. ಅವರನ್ನು ಮತ್ತೆ ಮೂರು ಮಹಡಿ ಇಳಿಸಿ ಹತ್ತಿಸುವುದು ಹೇಗೆ? ನಾನೇ ಹೋಗಿ ತಂದೆ. ಪಟ್ಟಿಯ ಮೇಲೆ 15.8 ಅಂತ ಇತ್ತು. ಗ್ಯಾಸ್ ಸೇರಿ 30 ಬರಬೇಕು. ಸರಿಯಾಗಿ 30 ಬಂತು. ನನ್ನ ಮುಖ ಸಣ್ಣದಾಯಿತು, ಅವರದ್ದು ಅರಳಿತು.

ಬಿಲ್ಲಿನಲ್ಲಿದ್ದಷ್ಟನ್ನೇ ಫೋನ್‌ಪೇ ಮಾಡಿದೆ. ಅವರು ಏನೂ ಅನ್ನಲಿಲ್ಲ. ಆಮೇಲೆ ನೀರು ಕೊಟ್ಟು, 40 ರೂಪಾಯಿ ಕೈಗಿಟ್ಟು, "ಇದು ಮೆಟ್ಟಿಲಿಗೆ" ಅಂದೆ. ಉಳಿದದ್ದು 25 ರೂಪಾಯಿ. ಮನೆಯವರು ಕೇಳಿದರು, ಇಷ್ಟಕ್ಕೆ ಇಷ್ಟೆಲ್ಲ ಬೇಕಿತ್ತಾ ಅಂತ. ಅವರಿಗೆ ನಮ್ಮ ಮನೆ ಸಾಲದ ಸ್ಟೇಟ್‌ಮೆಂಟ್ ತೋರಿಸಿದೆ. ನಮ್ಮದೂ 2014ರದ್ದು. ಸೋಮವಾರ ಇಬ್ಬರೂ ಬ್ಯಾಂಕಿಗೆ ಹೋಗುತ್ತಿದ್ದೇವೆ.

ಎದುರು ಮನೆಯವರನ್ನೂ ಕೇಳಿದೆ ಕಾಕಾ, ಬೇಳೆಗೆ. ಕೆಳಗಿನ ಮನೆಯವರೂ ಸೇರುತ್ತಾರಂತೆ. ಮೂರು ಮನೆ ಆಯಿತು.

ಕಲಬುರ್ಗಿ_ಕಾಕಾ

ಇನ್ನೊಂದು ಮನೆ ನೋಡಿ. ಹೊಸ ಬ್ಯಾಳಿ ಬಂದ ಕೂಡಲೇ ಇಲ್ಲೇ ಬರೆಯುತ್ತೇನೆ. ಅಷ್ಟರೊಳಗ ಡಬ್ಬ ತೊಳೆದು ಬಿಸಿಲಿಗೆ ಇಡ್ರಿ. ಮೂರನೇ ಮಹಡಿಗೆ ಬಿಸಿಲಾದರೂ ಬರುತ್ತದಲ್ಲ?